ಪರದೇಶದಲ್ಲಿ ಮನೆ: ಬಾಡಿಗೆಯೋ, ಸ್ವಂತದ್ದೋ?

ಮದುವೆಯಾಗಿ ಐದು ತಿಂಗಳಾದ ನನ್ನ ಮಗಳು ಇತ್ತೀಚೆಗೆ ಗಂಡನ ಜೊತೆ ದುಬೈಗೆ ಹೋದಳು. ಅಳಿಯನಿಗೆ ಅಲ್ಲೊಂದು ಕಂಪೆನಿಯಲ್ಲಿ ಕೆಲಸ. ಹೋದ ಮೂರನೇ ವಾರಕ್ಕೇ ಅವಳ ಫೋನ್ ಬಂತು. ನಾನು ಪತ್ತಿರಿಗೆ ಅಕ್ಕಿ ಕಡೆಯುತ್ತಿದ್ದೆ.

"ಉಮ್ಮಾ, ಇವರು ಫ್ಲ್ಯಾಟ್ ಖರೀದಿಸೋಣ ಅನ್ನುತ್ತಿದ್ದಾರೆ. ಬಾಡಿಗೆ ಕೊಡುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತೆ. ನನ್ನ ಮಹ್ರ್‌ನ ಚಿನ್ನವನ್ನೂ ಸೇರಿಸಿದರೆ ಮುಂಗಡಕ್ಕೆ ಸಾಕಾಗುತ್ತದೆ. ನೀವೇನು ಹೇಳುತ್ತೀರಿ?"

ಗ್ರೈಂಡರ್ ನಿಲ್ಲಿಸಿ ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಹದಿನೇಳು ಹದಿನೆಂಟು ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು, ಹೆಚ್ಚುಕಡಿಮೆ ಇದೇ ಪದಗಳಲ್ಲಿ. ಆಗ ನನಗೆ ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ಇದ್ದಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ! "ನಾಳೆ ಮಾತಾಡುತ್ತೇನೆ" ಎಂದು ಫೋನ್ ಇಟ್ಟೆ. ಅವಳಿಗೆ ಮರುದಿನ ಹೇಳಿದ್ದನ್ನೇ ನಿಮಗೂ ಹೇಳಬೇಕೆನಿಸಿತು. ನಿಮ್ಮಲ್ಲೂ ಎಷ್ಟೋ ಮಂದಿಯ ಗಂಡಂದಿರು, ಮಕ್ಕಳು, ಅಳಿಯಂದಿರು ಹೊರದೇಶದಲ್ಲಿದ್ದಾರೆ.

ನಾನು ದುಬೈಗೆ ಹೋದದ್ದು 2004ರಲ್ಲಿ, ಎರಡು ವರ್ಷದ ಈ ಮಗಳನ್ನು ಸೊಂಟದಲ್ಲಿಟ್ಟುಕೊಂಡು. ನನ್ನ ಪತಿ ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಊರಿನಲ್ಲಿ ನನ್ನನ್ನು 'ದುಬೈ ಸೊಸೆ' ಎನ್ನುತ್ತಿದ್ದರು. ದುಬೈಯ ಮನೆಯೆಂದರೆ ದೇರಾದ ಒಂದು ಹಳೆಯ ಕಟ್ಟಡದ ಫ್ಲ್ಯಾಟಿನಲ್ಲಿ ಒಂದು ಕೋಣೆ. ಇನ್ನೊಂದು ಕೋಣೆಯಲ್ಲಿ ಬೇರೊಂದು ಕುಟುಂಬ, ಹಾಲ್‌ಗೆ ಪ್ಲೈವುಡ್ ಹೊಡೆದು ಅದರಾಚೆ ಮತ್ತೊಂದು ಕುಟುಂಬ. ಮೂರೂ ಮನೆಗೆ ಒಂದೇ ಅಡುಗೆಮನೆ. ಬೆಳಿಗ್ಗೆ ಆರರಿಂದ ಏಳು ನಮ್ಮ ಪಾಳಿ. ಫ್ರಿಜ್ಜಿನಲ್ಲಿ ಮಧ್ಯದ ತಟ್ಟೆ ನಮ್ಮದು. ಮೀನು ತೊಳೆದ ನೀರಿನ ವಾಸನೆಗೂ ಜಗಳ, ಮಗು ರಾತ್ರಿ ಅತ್ತರೂ ಜಗಳ. ಪ್ಲೈವುಡ್ ಆಚೆಯ ಕೆಮ್ಮು ನಮಗೆ ಕೇಳುತ್ತಿತ್ತು, ನಮ್ಮ ಪಿಸುಮಾತು ಅವರಿಗೆ ಕೇಳುತ್ತಿತ್ತು. ಮನೆಯೊಳಗೂ ಇಡೀ ದಿನ ತಲೆಯ ಮೇಲಿನ ಬಟ್ಟೆ ತೆಗೆಯುವಂತಿರಲಿಲ್ಲ. ಸ್ವಂತದ್ದೊಂದು ಬಾಗಿಲು, ಅದಕ್ಕೊಂದು ಚಿಲಕ: ಆಗಿನ ನನ್ನ ದುಆದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.

ಇಂತಹ ಪಾರ್ಟಿಷನ್ ಕೋಣೆಗಳ ಮೇಲೆ 2025ರಲ್ಲಿ ಅಲ್ಲಿನ ನಗರಪಾಲಿಕೆ ದೊಡ್ಡ ಕಾರ್ಯಾಚರಣೆಯನ್ನೇ ನಡೆಸಿತು. ಬೆಂಕಿ ಬಿದ್ದರೆ ಓಡಲು ದಾರಿಯಿರದ ಗೂಡುಗಳವು. ನಿಮ್ಮವರು ಅಂತಹ ಕಡೆ ಕರೆದರೆ, ಸ್ವಲ್ಪ ಕಾಲ ಊರಿನಲ್ಲೇ ಇದ್ದರೂ ಪರವಾಗಿಲ್ಲ, ಹೋಗಬೇಡಿ ಎನ್ನುತ್ತೇನೆ.

2006ರಲ್ಲಿ ಅಲ್ ಖುಸೈಸ್‌ನಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ ಸಿಕ್ಕಿತು. ಗಲ್ಫ್ ಕಾಣದವರಿಗೆ ಇಲ್ಲೊಂದು ವಿಷಯ ಹೇಳಬೇಕು. ನಮ್ಮೂರಿನಂತೆ ಅಲ್ಲಿ ತಿಂಗಳ ಮೊದಲ ವಾರ ಬಾಡಿಗೆ ಎಣಿಸಿ ಕೊಡುವ ಪದ್ಧತಿ ಇಲ್ಲ. ಬಾಡಿಗೆಯ ಲೆಕ್ಕ ವರ್ಷಕ್ಕೆ. ಇಡೀ ವರ್ಷದ್ದನ್ನು ಎರಡೋ ನಾಲ್ಕೋ ಚೆಕ್ಕುಗಳಲ್ಲಿ ಮುಂದಿನ ತಾರೀಕು ಹಾಕಿ ಮೊದಲೇ ಕೊಟ್ಟಿಡಬೇಕು. ಆ ಕಾಲದಲ್ಲಿ ಚೆಕ್ ಬೌನ್ಸ್ ಆದರೆ ಪೊಲೀಸ್ ಕೇಸು, ಜೈಲು. (2022ರಿಂದ ಕಾನೂನು ಸಡಿಲಾಗಿದೆ. ಖಾತೆಯಲ್ಲಿ ಹಣವಿಲ್ಲ ಎಂಬ ಕಾರಣಕ್ಕಷ್ಟೇ ಬೌನ್ಸ್ ಆದರೆ ಹೆಚ್ಚಾಗಿ ಅದು ಹಣ ವಸೂಲಿಯ ವ್ಯವಹಾರ.) ಚೆಕ್ಕಿನ ತಾರೀಕು ಹತ್ತಿರ ಬಂದಂತೆ ನಮ್ಮ ಮನೆಯಲ್ಲಿ ಮಾಂಸ ಬರುವುದು ನಿಲ್ಲುತ್ತಿತ್ತು.

ಒಂದು ವರ್ಷ ಕಳೆಯುವಷ್ಟರಲ್ಲಿ ಕಟ್ಟಡ ರಿಪೇರಿಯೆಂದು ನಮ್ಮನ್ನು ಎಬ್ಬಿಸಿದರು. ಆಗ ಬಾಡಿಗೆಗಳು ರಾಕೆಟ್‌ನಂತೆ ಏರುತ್ತಿದ್ದ ಕಾಲ. ಹೊಸದಾಗಿ ಬರುವವರಿಗೆ ಎಷ್ಟು ಬೇಕಾದರೂ ಹೇಳಬಹುದಿತ್ತಲ್ಲ! ಮಂಚ, ಕಪಾಟು, ಮಗುವಿನ ಸೈಕಲ್ ಎಲ್ಲವನ್ನೂ ಪಿಕಪ್ಪಿಗೆ ಹೇರಿ ಶಾರ್ಜಾಕ್ಕೆ ಬಂದೆವು. ಅಲ್ಲಿಂದ ದುಬೈಗೆ ಹೋಗುವ ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್ ಗೊತ್ತಿದ್ದವರಿಗೆ ಗೊತ್ತು. ಇವರು ಬೆಳಿಗ್ಗೆ ಐದೂವರೆಗೆ ಹೊರಟರೆ ರಾತ್ರಿ ಒಂಬತ್ತಕ್ಕೆ ಬರುತ್ತಿದ್ದರು. ಮಗಳು ಶುಕ್ರವಾರ ಮಾತ್ರ ತಂದೆಯನ್ನು ಎಚ್ಚರದಲ್ಲಿ ನೋಡುತ್ತಿದ್ದಳು.

ಇಂಥ ಸ್ಥಿತಿಯಲ್ಲಿ ಯಾರಾದರೂ ಬಂದು, "ಬಾಡಿಗೆಯ ಹಣವನ್ನೇ ಕಂತು ಕಟ್ಟಿದರೆ ಮನೆ ನಿಮ್ಮದೇ" ಎಂದರೆ ಹೇಗಾಗುತ್ತದೆ, ಹೇಳಿ! ದುಬೈ 2002ರಲ್ಲಿ ವಿದೇಶೀಯರಿಗೂ ಮನೆ ಕೊಳ್ಳಲು ಅವಕಾಶ ಕೊಟ್ಟಿತ್ತು, 2006ರಲ್ಲಿ ಅದಕ್ಕೆ ಕಾನೂನೂ ಬಂತು. 2008ರ ಆರಂಭದಲ್ಲಂತೂ ಮಾಲ್‌ಗಳಲ್ಲಿ ತರಕಾರಿಯಂತೆ ಫ್ಲ್ಯಾಟ್ ಮಾರುತ್ತಿದ್ದರು. ಕಟ್ಟಡ ಇನ್ನೂ ಕಾಗದದ ಮೇಲಿದ್ದರೆ ಸಾಕು, ಹತ್ತು ಶೇಕಡಾ ಕೊಟ್ಟು ಬುಕ್ ಮಾಡುವುದು, ಆರು ತಿಂಗಳಲ್ಲಿ ಇನ್ನೊಬ್ಬನಿಗೆ ಲಾಭಕ್ಕೆ ಮಾರುವುದು. ಇವರ ಆಫೀಸಿನ ಒಬ್ಬರು ಹಾಗೆ ಮಾಡಿ ಕಾರು ತೆಗೆದುಕೊಂಡರು. ನಾವು ಮಾರಲು ಹೊರಟವರಲ್ಲ, ವಾಸಕ್ಕೇ ಬೇಕೆಂದು ಹೊರಟವರು. 5 ಲಕ್ಷ ದಿರ್ಹಮ್‌ನ ಒಂದು ಸ್ಟುಡಿಯೋ. ಮುಂಗಡ 50 ಸಾವಿರ.

ಉಳಿತಾಯ 20 ಸಾವಿರವಿತ್ತು. ಗೆಳೆಯರೊಬ್ಬರು 15 ಸಾವಿರ ಸಾಲ ಕೊಟ್ಟರು. ಉಳಿದದ್ದಕ್ಕೆ ಇವರು ನನ್ನ ಮುಖ ನೋಡಲಿಲ್ಲ, ನೆಲ ನೋಡಿದರು. ನಾನೇ ಬಳೆಗಳನ್ನು ಕಳಚಿದೆ. ಮಹ್ರ್‌ನದ್ದೂ ಬಾಪ ಹಾಕಿದ್ದೂ ಸೇರಿ ಇಪ್ಪತ್ತು ಪವನು. ಒತ್ತಾಯ ಇರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಸ್ವಂತ ಬಾಗಿಲಿನ ಆಸೆ ನನ್ನದೇ. ದೇರಾದ ಚಿನ್ನದ ಸೂಕ್‌ನಲ್ಲಿ ಅಂಗಡಿಯವನು ತಕ್ಕಡಿಗೆ ಹಾಕುವಾಗ ಮಗಳು, "ಉಮ್ಮಾ, ಅದು ಯಾಕೆ ಅವನಿಗೆ?" ಎಂದು ಕೇಳಿದ್ದಳು. ಸುಮಾರು 15 ಸಾವಿರ ಬಂತು. ಇವತ್ತಿನ ಚಿನ್ನದ ದರದಲ್ಲಿ ಅದೆಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಬೇಡಿ, ನಾನು ಹಾಕಿ ಒಂದು ರಾತ್ರಿಯ ನಿದ್ದೆ ಕೆಡಿಸಿಕೊಂಡಿದ್ದೇನೆ.

ಮುಂದಿನದು ನಿಮಗೆಲ್ಲ ಗೊತ್ತಿರುವ ಕಥೆಯೇ. ಅದೇ ವರ್ಷದ ಕೊನೆಗೆ ಅಮೆರಿಕದ ಬ್ಯಾಂಕುಗಳು ಕುಸಿದ ಪೆಟ್ಟು ದುಬೈಗೂ ಬಿತ್ತು. ಮನೆಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಇವರ ಕಂಪೆನಿ ಸಂಬಳದಲ್ಲಿ ಮೂರನೇ ಒಂದು ಪಾಲು ಕಡಿತ ಮಾಡಿತು. ಎರಡನೇ ಕಂತು ಕಟ್ಟಲಾಗಲಿಲ್ಲ. ಫೋನ್ ಮಾಡಿದರೆ ಬಿಲ್ಡರ್‌ನ ಕಚೇರಿಯಲ್ಲಿ ಎತ್ತುವವರೂ ಇಲ್ಲ. ಒಂದು ಶುಕ್ರವಾರ ಆ ಜಾಗ ನೋಡಲು ಹೋದೆವು. ತಗಡಿನ ಬೇಲಿ, ಅದರ ಮೇಲೆ ನಗುವ ಕುಟುಂಬವೊಂದರ ದೊಡ್ಡ ಚಿತ್ರ, ಒಳಗೆ ಮರಳು. ನಮ್ಮ 50 ಸಾವಿರದಲ್ಲಿ ಒಂದು ದಿರ್ಹಮ್ ಕೂಡಾ ವಾಪಸ್ ಬರಲಿಲ್ಲ. ಮುಂಗಡವನ್ನು ನಾವು ಕಟ್ಟಿದ್ದು ಬಿಲ್ಡರ್‌ನ ಸ್ವಂತ ಖಾತೆಗೆ. ಕಟ್ಟುತ್ತಿರುವ ಯೋಜನೆಗೆ ಎಸ್ಕ್ರೋ ಎಂಬ ಪ್ರತ್ಯೇಕ ಕಾವಲು ಖಾತೆ ಇರಬೇಕು, ಕೊಳ್ಳುವವರ ಹಣ ಅದಕ್ಕೇ ಬೀಳಬೇಕು ಎಂಬ ಕಾನೂನು 2007ರಲ್ಲೇ ಬಂದಿತ್ತು! ನಾವು ಕೇಳಲೂ ಇಲ್ಲ, ಓದಲೂ ಇಲ್ಲ.

ಆ ಕಷ್ಟದಲ್ಲಿ ನಮ್ಮನ್ನು ಉಳಿಸಿದ್ದು ಯಾವುದು ಗೊತ್ತೇ? ನಾವು ಅಷ್ಟೊಂದು ಬೈಯುತ್ತಿದ್ದ ಬಾಡಿಗೆ ಮನೆ. ಬಾಡಿಗೆಗಳೂ ಇಳಿದಿದ್ದವು. ಒಪ್ಪಂದ ಮುಗಿದೊಡನೆ ಶಾರ್ಜಾದಲ್ಲೇ ಇನ್ನೂ ಚಿಕ್ಕದೊಂದು ಮನೆಗೆ ಹೋದೆವು, ಖರ್ಚು ಸಂಬಳದೊಳಗೆ ಬಂತು. ಬ್ಯಾಂಕಿನ ಸಾಲದಲ್ಲಿ ಮನೆ ಕೊಂಡಿದ್ದವರಿಗೆ ಈ ದಾರಿ ಇರಲಿಲ್ಲ. ಮಾರಿದರೂ ಸಾಲ ತೀರದು, ಬಿಟ್ಟು ಹೋಗಲೂ ಆಗದು. ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ ಕಾರು ಬಿಟ್ಟು ಊರಿಗೆ ಓಡಿದವರ ಸುದ್ದಿ ಆಗ ಪೇಪರಿನಲ್ಲೆಲ್ಲ ಬರುತ್ತಿತ್ತು.

ಹಾಗೆಂದು ಕೊಂಡವರೆಲ್ಲ ಮುಳುಗಿದರು ಎನ್ನುವುದೂ ಸುಳ್ಳಾಗುತ್ತದೆ. ನನ್ನ ಪರಿಚಯದ ನರ್ಸ್ ಒಬ್ಬರು ಬೆಲೆ ಬಿದ್ದಿದ್ದ ಸಮಯದಲ್ಲಿ, ಕಟ್ಟಿ ಮುಗಿದು ಜನ ವಾಸವಿದ್ದ ಕಟ್ಟಡದಲ್ಲೇ ಒಂದು ಮನೆ ಕೊಂಡರು. ಮಕ್ಕಳ ಶಾಲೆ ಮುಗಿಯುವವರೆಗೂ ಅದರಲ್ಲಿದ್ದರು. 2021ರಿಂದೀಚೆಗೆ ಬೆಲೆ ಏರಿದಾಗ ಒಳ್ಳೆಯ ಲಾಭಕ್ಕೆ ಮಾರಿ ಹೊರಟರು. ನಾವೋ, ಎಲ್ಲ ವರ್ಷ ಸೇರಿ ಬಾಡಿಗೆಗೆ ಸುರಿದದ್ದು ಸುಮಾರು ಐದು ಲಕ್ಷ ದಿರ್ಹಮ್. ಅದನ್ನೂ ಮುಚ್ಚಿಡುವುದಿಲ್ಲ.

ಆದರೆ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಬೇರೊಂದು ಮನೆಯ ಕಥೆ. ಶಾರ್ಜಾದಲ್ಲಿ ನಮ್ಮ ಪಕ್ಕದಲ್ಲಿದ್ದ ದಂಪತಿ 2012ರಲ್ಲಿ ದುಬೈಯಲ್ಲಿ ಒಂದು ಫ್ಲ್ಯಾಟ್ ಕೊಂಡು ಹೋದರು. ಸಾಲವಿಲ್ಲ. ಗಂಡನ ಉಳಿತಾಯ, ಹೆಂಡತಿಯ ಚಿನ್ನ, ಅವಳ ತಂದೆ ಕೊಟ್ಟಿದ್ದ ಜಾಗ ಮಾರಿದ ದುಡ್ಡು, ಎಲ್ಲ ಸೇರಿಸಿ ಕೊಂಡದ್ದು. ದಾಖಲೆ ಗಂಡನ ಒಬ್ಬನ ಹೆಸರಿನಲ್ಲಿ. 2014ರಲ್ಲಿ ಆತ ಹೃದಯಾಘಾತದಿಂದ ತೀರಿಕೊಂಡ. ಇಬ್ಬರೂ ಹೆಣ್ಣು ಮಕ್ಕಳು. ತಂದೆ ತಾಯಿ ಮೊದಲೇ ತೀರಿಹೋಗಿದ್ದರು, ಊರಿನಲ್ಲಿ ಅಣ್ಣತಮ್ಮಂದಿರಿದ್ದರು.

ವಾರಸು ಹಂಚಿಕೆ ನಿಮಗೆ ಗೊತ್ತಿರಬಹುದು. ಇಂತಹ ಸಂದರ್ಭದಲ್ಲಿ ಪತ್ನಿಗೆ ಎಂಟನೇ ಒಂದು, ಹೆಣ್ಣು ಮಕ್ಕಳಿಗೆ ಒಟ್ಟು ಮೂರನೇ ಎರಡು, ಉಳಿದದ್ದು ಸಹೋದರರಿಗೆ. ಆ ಸಹೋದರರೇನೂ ಕೆಟ್ಟವರಲ್ಲ. ತಮ್ಮ ಪಾಲು ಕೇಳಿದರು, ಅಷ್ಟೇ. ಆದರೆ ಮನೆಯ ಬೆಲೆಯಲ್ಲಿ ಅರ್ಧದಷ್ಟು ಅವಳದೇ ಹಣವಾಗಿತ್ತು! ಹಂಚುವ ಮೊದಲು ಸಾಲ ತೀರಿಸಬೇಕೆಂದು ಕುರ್‌ಆನ್ ಸ್ಪಷ್ಟವಾಗಿ ಹೇಳಿದೆ. ಗಂಡ ತನ್ನಿಂದ ಪಡೆದದ್ದು ಸಾಲವೆಂದೋ ಮನೆಯಲ್ಲಿ ತನ್ನ ಪಾಲೆಂದೋ ತೋರಿಸುವ ಒಂದು ತುಂಡು ಕಾಗದವಿದ್ದರೆ ಮೊದಲು ಅದು ಅವಳ ಕೈಗೆ ಬಂದು, ಆಮೇಲೆ ಉಳಿದದ್ದರ ಹಂಚಿಕೆಯಾಗುತ್ತಿತ್ತು. ಕಾಗದವಿರಲಿಲ್ಲ. "ನಮ್ಮೊಳಗೆ ಯಾಕೆ ಬರವಣಿಗೆ, ಅಪನಂಬಿಕೆಯೇ?" ಎಂದು ಆ ಮನುಷ್ಯ ನಗುತ್ತಿದ್ದನಂತೆ. ವೀಸಾ ಗಂಡನ ಮೇಲಿದ್ದುದರಿಂದ ಅವಳಿಗೆ ಅಲ್ಲಿ ಇರುವುದೂ ಕಷ್ಟವಾಯಿತು. (ವಿಧವೆಯರಿಗೆ ಒಂದು ವರ್ಷದ ವೀಸಾ ಕೊಡುವ ಸೌಲಭ್ಯ ಬಂದದ್ದು 2018ರಲ್ಲಿ.) ಕೋರ್ಟಿನ ಕಾಗದಗಳಿಗೆ ಸಹಿ ಹಾಕಿ ಊರಿಗೆ ಹೊರಡುವ ದಿನ ನಮ್ಮ ಮನೆಗೆ ಬಂದಿದ್ದಳು. ಅಳಲಿಲ್ಲ. "ಅಕ್ಕ, ಮನೆಯ ಕರ್ಟನ್‌ಗಳನ್ನು ನಾನೇ ಹೊಲಿದದ್ದು, ಅದನ್ನು ಮಾತ್ರ ತಂದೆ" ಎಂದಳು.

ಅವಳು ಹೋದ ರಾತ್ರಿ ನಾನು ಇವರ ಜೊತೆ ಬಳೆಗಳ ಮಾತೆತ್ತಿದೆ. ಆರು ವರ್ಷಗಳಲ್ಲಿ ಮೊದಲ ಸಲ. ಇವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗಳ ಶಾಲೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, "ನನ್ನ ಪತ್ನಿಯಿಂದ ಇಪ್ಪತ್ತು ಪವನು ಚಿನ್ನ ಸಾಲವಾಗಿ ಪಡೆದಿದ್ದೇನೆ, ಹಿಂದಿರುಗಿಸಲು ಬಾಧ್ಯನಾಗಿದ್ದೇನೆ" ಎಂದು ಬರೆದು ಸಹಿ ಹಾಕಿದರು. ಮರುದಿನ ಇಬ್ಬರು ಗೆಳೆಯರ ಸಾಕ್ಷಿ ಸಹಿಯೂ ಆಯಿತು.

ಊರಿನ ಮನೆಯ ವಿಷಯವನ್ನೂ ಹೇಳಿಬಿಡುತ್ತೇನೆ. 2012ರಲ್ಲಿ ಬಂಟ್ವಾಳದ ಕಡೆ ಒಂಬತ್ತು ಸೆಂಟ್ಸ್ ಜಾಗದಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದೆವು. ನೆಂಟರೆಲ್ಲ, "ದುಬೈಯಲ್ಲಿದ್ದು ಇಷ್ಟೇನಾ?" ಎಂದು ಮೂಗು ಮುರಿದರು. ನಮ್ಮ ಕರಾವಳಿಯಲ್ಲಿ ನೋಡಿ, ರಸ್ತೆಯುದ್ದಕ್ಕೂ ಎಂಟು ಕೋಣೆಯ ಬಂಗಲೆಗಳು, ಒಳಗೆ ಒಬ್ಬ ಮುದುಕಿ ಇಲ್ಲವೇ ಬರೀ ಬೀಗ. ಎರಡು ಮಳೆಗಾಲ ಬಾಗಿಲು ತೆರೆಯದಿದ್ದರೆ ಗೋಡೆಗೆ ಪಾಚಿ, ಕಪಾಟಿಗೆ ಗೆದ್ದಲು. ದುಡಿದವನು ಅಲ್ಲಿ ಬಾಡಿಗೆ ಕಟ್ಟುತ್ತಲೇ ಇರುತ್ತಾನೆ, ಇಲ್ಲಿ ಪೈಂಟ್ ಹೊಡೆಸುತ್ತಲೂ ಇರುತ್ತಾನೆ. ನಮ್ಮ ಸಣ್ಣ ಮನೆ 2020ರಲ್ಲಿ ನಮ್ಮ ಮಾನ ಕಾಪಾಡಿತು. ಕೊರೋನಾದಲ್ಲಿ ಇವರ ಕೆಲಸ ಹೋಯಿತು. ವಂದೇ ಭಾರತ್ ವಿಮಾನದಲ್ಲಿ ನಾಲ್ಕು ಸೂಟ್‌ಕೇಸ್ ಹಿಡಿದು ಬಂದಿಳಿದಾಗ ಬೀಗ ತೆಗೆದು ಒಳಗೆ ಹೋಗಲು ನಮ್ಮದೇ ಒಂದು ಬಾಗಿಲಿತ್ತು, ಅಲ್‌ಹಮ್ದುಲಿಲ್ಲಾಹ್.

ಈಗ ಮಗಳ ಪ್ರಶ್ನೆಗೆ ಬರೋಣ. ಮರುದಿನ ಅಳಿಯನನ್ನೂ ಸ್ಪೀಕರಿನಲ್ಲಿ ಕೂರಿಸಿ ಮಾತಾಡಿದೆ. ಇವರು ಪಕ್ಕದಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕುಳಿತಿದ್ದರು, ಹಳೆಯ ಅಭ್ಯಾಸ.

"ಮೋನೇ, 8 ಲಕ್ಷದ ಮನೆ ಅಂದಿರಲ್ಲ, ಕೈಯಿಂದ ಹೋಗುವುದೆಷ್ಟು?" ಎಂದು ಕೇಳಿದೆ. ಮೊದಲ ಮನೆಗೆ ವಿದೇಶೀಯರಿಗೆ ಬ್ಯಾಂಕು ಹೆಚ್ಚೆಂದರೆ 80 ಶೇಕಡಾ ಕೊಡುತ್ತದೆ, ಆದ್ದರಿಂದ 1 ಲಕ್ಷ 60 ಸಾವಿರ ನಮ್ಮದು. ಇನ್ನೂ ಕಟ್ಟುತ್ತಿರುವ ಮನೆಯಾದರೆ ಅರ್ಧವೇ ನಮ್ಮದು. ಭೂ ಇಲಾಖೆಯ ನೋಂದಣಿಗೆ 4 ಶೇಕಡಾ, ಅಂದರೆ 32 ಸಾವಿರ. ಏಜೆಂಟನಿಗೆ 2 ಶೇಕಡಾ, 16 ಸಾವಿರ. ಈ ಶುಲ್ಕಗಳನ್ನು ಸಾಲದಲ್ಲಿ ಸೇರಿಸುವಂತಿಲ್ಲ ಎಂದು 2025ರ ಫೆಬ್ರವರಿಯಿಂದ ನಿಯಮವಿದೆ. ಈ 48 ಸಾವಿರ ಎರಡು ವರ್ಷದಲ್ಲಿ ಕೆಲಸ ಬಿಟ್ಟರೂ ವಾಪಸ್ ಬರುವುದಿಲ್ಲ. ಜೊತೆಗೆ ಲಿಫ್ಟು, ಕಾವಲು, ನೀರಿನ ಟ್ಯಾಂಕು ಎಂದು ವರ್ಷಕ್ಕಿಷ್ಟು ಸರ್ವಿಸ್ ಚಾರ್ಜ್, ಅದು ಚದರಡಿ ಲೆಕ್ಕ. 700 ಚದರಡಿಗೆ ಅಡಿಗೆ 15ರಂತೆ ಹಿಡಿದರೂ ಹತ್ತೂವರೆ ಸಾವಿರ. "ಸ್ವಂತ ಮನೆಗೂ ಒಂದು ಬಾಡಿಗೆ ಇದೆ ಅಂತಾಯಿತು" ಎಂದು ಅಳಿಯನೇ ನಕ್ಕರು.

"ಮಾಮೀ, ಬಡ್ಡಿ ಬ್ಯಾಂಕಿಗೆ ನಾನು ಹೋಗುವುದಿಲ್ಲ, ಇಸ್ಲಾಮಿಕ್ ಬ್ಯಾಂಕಿನಲ್ಲೇ" ಎಂದರು. ಒಳ್ಳೆಯದೇ. 1975ರಲ್ಲಿ ಅಂತಹ ಬ್ಯಾಂಕು ಶುರುವಾದದ್ದೇ ದುಬೈಯಲ್ಲಿ. ಇಜಾರಾ ಎಂದರೆ ಮನೆಯನ್ನು ಬ್ಯಾಂಕು ಕೊಂಡು ನಿಮಗೆ ಬಾಡಿಗೆಗೆ ಕೊಡುತ್ತದೆ, ಕೊನೆಗೆ ನಿಮ್ಮ ಹೆಸರಿಗೆ ಮಾಡುತ್ತದೆ. ಆದರೆ ಆ ಬಾಡಿಗೆಯ ದರ ಬಹಳ ಕಡೆ ಮಾರುಕಟ್ಟೆಯ ದರದ ಜೊತೆ ಏರಿಳಿಯುತ್ತದೆ. ಮೊದಲ ಎರಡು ಮೂರು ವರ್ಷದ ದರ ನೋಡಿ ಮರುಳಾಗಬಾರದು. ಹೆಸರು ಅರಬಿಯಲ್ಲಿದೆ ಎಂದ ಮಾತ್ರಕ್ಕೆ ಓದದೆ ಸಹಿ ಹಾಕಬೇಡಿ ಎಂದೆ. ಗೊತ್ತಿದ್ದ ಆಲಿಮರಲ್ಲೂ ಕೇಳಿ, ಲೆಕ್ಕ ಗೊತ್ತಿದ್ದವರಲ್ಲೂ ಕೇಳಿ.

ನನ್ನ ಅಭಿಪ್ರಾಯ ನೇರವಾಗಿಯೇ ಹೇಳಿದೆ: ಮೊದಲ ಮೂರು ವರ್ಷ ಬಾಡಿಗೆಗೇ ಇರಿ. ಕೆಲಸ ನಿಲ್ಲುತ್ತದೆಯೇ, ಮಕ್ಕಳಾದರೆ ಶಾಲೆ ಎಲ್ಲಿ, ಆಫೀಸು ನಾಳೆ ಅಬುಧಾಬಿಗೆ ಹೋಗುತ್ತದೆಯೇ, ಒಂದೂ ಗೊತ್ತಿಲ್ಲದೆ ಗೋಡೆ ಕೊಳ್ಳುವುದು ಬೇಡ. ಬಾಡಿಗೆದಾರರಿಗೆ ನಮ್ಮ ಕಾಲಕ್ಕಿಂತ ಈಗ ಹೆಚ್ಚು ರಕ್ಷಣೆಯೂ ಇದೆ. ಒಪ್ಪಂದವನ್ನು ಇಜಾರಿಯಲ್ಲಿ ನೋಂದಾಯಿಸಿರಬೇಕು. ಬಾಡಿಗೆ ಏರಿಸುವುದಾದರೆ ಅವಧಿ ಮುಗಿಯಲು 90 ದಿನ ಮೊದಲೇ ತಿಳಿಸಬೇಕು, ಏರಿಕೆಯೂ ಸರಕಾರದ ಸೂಚ್ಯಂಕ ಮೀರುವಂತಿಲ್ಲ. ತನ್ನ ವಾಸಕ್ಕೆಂದೋ ಮಾರಲಿಕ್ಕೆಂದೋ ಮಾಲಕ ಬಿಡಿಸುವುದಾದರೆ ನೋಟರಿಯ ಮೂಲಕವೋ ರಿಜಿಸ್ಟರ್ಡ್ ಅಂಚೆಯಲ್ಲೋ 12 ತಿಂಗಳ ನೋಟೀಸು ಕೊಡಬೇಕು. ಇವೆಲ್ಲ ದುಬೈಯ ನಿಯಮಗಳು, ಶಾರ್ಜಾದ್ದು ಬೇರೆ. ನಿಮ್ಮವರು ಬೇರೆ ದೇಶದಲ್ಲಿದ್ದರೆ ಅಲ್ಲಿನದನ್ನು ಕೇಳಿ ತಿಳಿಯಿರಿ. ಕೆನಡಾದಂತಹ ದೇಶದಲ್ಲಿ 2023ರಿಂದ ವಿದೇಶೀಯರು ಮನೆ ಕೊಳ್ಳುವುದಕ್ಕೇ ನಿರ್ಬಂಧ ಹಾಕಿದ್ದರು.

ಚಿನ್ನದ ಮಾತನ್ನು ಕೊನೆಗಿಟ್ಟಿದ್ದೆ. ಮಗಳೇ ಎತ್ತಿದಳು. "ಮಹ್ರ್ ನಿನ್ನದು. ಕೊಡುವುದೂ ಬಿಡುವುದೂ ನಿನ್ನ ಇಷ್ಟ" ಎಂದೆ. "ಆದರೆ ಕೊಡುವ ದಿನ ಬಂದರೆ, ದಾಖಲೆಯಲ್ಲಿ ನಿನ್ನ ಹೆಸರೂ ಪಾಲೂ ಬರಲಿ. ಅಲ್ಲಿನ ಭೂ ಇಲಾಖೆ ಇಬ್ಬರ ಹೆಸರಿನಲ್ಲಿ ಇಂತಿಷ್ಟು ಪಾಲೆಂದು ನೋಂದಾಯಿಸಿ ಕೊಡುತ್ತದೆ. ಅದಾಗದಿದ್ದರೆ ಸಾಲವೆಂದು ಬರೆದು ಸಾಕ್ಷಿ ಹಾಕಿಸು." ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಅಳಿಯನಿಗೆ ಬೇಸರವಾಯಿತೋ ಎಂದು ಹೆದರಿದೆ. ಆಗ ಇವರು ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಮಾಮಿ ಸುಮ್ಮನೆ ಹೇಳುತ್ತಿಲ್ಲ. ನಾನೂ ಬರೆದುಕೊಟ್ಟಿದ್ದೇನೆ" ಎಂದರು.

ಕಳೆದ ವಾರ ಮಗಳು ಫೋಟೋ ಕಳಿಸಿದ್ದಳು. ಒಂದು ಬೆಡ್‌ರೂಮಿನ ಬಾಡಿಗೆ ಮನೆ, ನಾಲ್ಕು ಚೆಕ್ಕು. ಇಜಾರಿ ಕಾಗದದ ಫೋಟೋ ಕೂಡಾ ಇತ್ತು, ಮುಂದಿನ ಚೆಕ್ಕಿನ ತಾರೀಕಿಗೆ ಅವಳು ಕೆಂಪು ಗೆರೆ ಹಾಕಿದ್ದಳು. ಅಡುಗೆಮನೆ ಚಿಕ್ಕದು, ಆದರೆ ಅವಳೊಬ್ಬಳದೇ.

ನಮ್ಮ ಆ ನೋಟ್‌ಬುಕ್ಕಿನ ಹಾಳೆ ಈಗಲೂ ಕಪಾಟಿನಲ್ಲಿದೆ. ಅದರ ಹಿಂದೆ ಇವರು ಕೊಟ್ಟಂತೆಲ್ಲ ಬರೆದಿಡುತ್ತೇನೆ. ಹನ್ನೊಂದು ಪವನು ಬಂದಿದೆ, ಒಂಬತ್ತು ಬಾಕಿ.